ಕ್ಯಾಸಿನೋ ಟೇಬಲ್ಲಿನಲ್ಲಿ ಪಕ್ಕದವನ ಮೋಸ ಕಣ್ಣಾರೆ ನೋಡಿದೆ, ಬಾಯಿ ಬಿಡಲಿಲ್ಲ. ತಪ್ಪು ಮಾಡಿದೆನಾ?

ಕೋಟೆಗುಡ್ಡ, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಮನೆಯಲ್ಲಿ ಹೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಐದು ಜನ ಗೆಳೆಯರು. ಎಲ್ಲರೂ ಜೀನ್ಸ್ ಹೊಲಿಗೆ ಕೆಲಸದವರು. ಈ ಸಲ ಕೈಯಲ್ಲಿ ನಾಲ್ಕು ಕಾಸು ಇತ್ತು, ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾಕ್ಕೆ ಹೋದೆವು. ಎರಡನೇ ದಿನ ಸಂಜೆ ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಒಂದು ಹಡಗಿನ ಕ್ಯಾಸಿನೋಗೆ ಹೋದೆವು. ಹೆಸರು ಬೇಡ.

ನಾನು ಕೂತದ್ದು ಇಪ್ಪತ್ತೊಂದರ ಆಟಕ್ಕೆ, ಅಂದರೆ ಬ್ಲ್ಯಾಕ್‌ಜಾಕ್. ಎಲೆ ಹಾಕುತ್ತಿದ್ದವಳು ಒಬ್ಬ ಹುಡುಗಿ, ನನ್ನ ತಂಗಿಯ ವಯಸ್ಸಿರಬಹುದು. ನನ್ನ ಎಡಕ್ಕೆ ಒಬ್ಬರು, ನಲವತ್ತು ದಾಟಿದವರು. ಒಳ್ಳೆಯ ಮಾತುಗಾರರು. ಬಳ್ಳಾರಿ ಅಂದ ಕೂಡಲೇ ಹಿಂದಿಯಲ್ಲೇ ಗಣಿ, ಧೂಳು ಅಂತೆಲ್ಲ ಮಾತು ತೆಗೆದರು. ಅವರು ಇಟ್ಟಿದ್ದು 500ರ ಎರಡು ಚಿಪ್ಸ್, ಅಂದರೆ ದುಡ್ಡಿನ ಬದಲು ಕೊಡುವ ಬಿಲ್ಲೆ. ಅವರಿಗೆ ರಾಜ, ರಾಣಿ ಬಿತ್ತು. ಅಲ್ಲಿಗೆ ಇಪ್ಪತ್ತು. ಡೀಲರ್ ಮುಂದೆ 6. ಆಗ ಅವರು ಬಲಗೈ ಚಾಚಿ ಆ 6ನ್ನು ತೋರಿಸಿ ‘ನೋಡಿ, ಈಗ ಒಡೀತದೆ’ ಅಂದರು, ಅಂದರೆ ಡೀಲರ್ ಎಲೆ ಇಪ್ಪತ್ತೊಂದು ದಾಟಿ ಅವಳು ಸೋಲುತ್ತಾಳೆ ಅಂತ. ಎಲ್ಲರೂ ಆ ಬೆರಳ ಕಡೆ ನೋಡಿದರು. ನಾನು ಪಕ್ಕದಲ್ಲಿದ್ದೆ, ಅದಕ್ಕೇ ಎಡಗೈ ಕಾಣಿಸಿತು. ಚಿಪ್ಸ್ ಮೇಲೆ ಹಾದು ಹೋಯಿತು ಅಷ್ಟೇ. ಎರಡಿದ್ದದ್ದು ನಾಲ್ಕಾಯಿತು.

ಡೀಲರ್ ಒಡೆದಳು, ನಾಲ್ಕಕ್ಕೆ ನಾಲ್ಕು ಕೊಟ್ಟಳು. ಅವರು ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ನಾನೂ ನಕ್ಕೆ. ಆ ನಗು ಇದೆಯಲ್ಲ, ಅದೇ ಈಗ ಚುಚ್ಚುತ್ತಿರುವುದು.

ಮುಂದಿನ ಅರ್ಧ ಗಂಟೆಯಲ್ಲಿ ಇನ್ನೂ ಎರಡು ಸಲ ಹಾಗೇ ಆಯಿತು. ಮೂರನೇ ಸಲಕ್ಕೆ ಸೂಟು ಹಾಕಿದವರು ಇಬ್ಬರು ಬಂದು ನಿಂತು ‘ಯಾರೂ ಕೈ ಹಚ್ಚಬೇಡಿ’ ಅಂದರು. ಫೋನು ಬಂತು, ಹೋಯಿತು. ಅವರನ್ನು ಕರೆದುಕೊಂಡು ಹೋದರು. ಆ ಹುಡುಗಿಯನ್ನೂ ಟೇಬಲ್ಲಿನಿಂದ ಎಬ್ಬಿಸಿದರು. ನನ್ನನ್ನು ಕೇಳಿದರು, ನೀವೇನಾದರೂ ನೋಡಿದಿರಾ ಅಂತ. ಇಲ್ಲ ಅಂದೆ.

ಇನ್ನೊಂದು ವಿಷಯ. ಆ ರಾತ್ರಿ ನಾನು 18,000 ಕಳೆದುಕೊಂಡೆ. ಒಂದು ಹಂತದಲ್ಲಿ ಸತತ ಏಳು ಆಟ ಹೋಯಿತು. ಗೆಳೆಯರು ಹೇಳುವುದು, ಎಲೆ ಕಲಸುವ ಮಷೀನೇ ಅವರ ಕೈಯಲ್ಲಿದೆ, ಕ್ಯಾಸಿನೋದವರೇ ದೊಡ್ಡ ಮೋಸಗಾರರು, ನೀನು ಬಾಯಿ ಮುಚ್ಚಿಕೊಂಡಿದ್ದೇ ಸರಿ ಅಂತ. ಈ ಆಟ ಬಲ್ಲವರು ಯಾರಾದರೂ ಇದ್ದರೆ ಹೇಳಿ.

ಹಂಪಿ ರಸ್ತೆ:

ಕ್ಯಾಸಿನೋಗೆ ಹೋಗಿದ್ದೇ ತಪ್ಪು ತಮ್ಮಾ. ಉಳಿದದ್ದೆಲ್ಲ ಆಮೇಲಿನ ಮಾತು.

ಮಾಜಿ ಡೀಲರ್, ಗಂಗಾವತಿ:

ನಾಲ್ಕು ವರ್ಷ ಗೋವಾದಲ್ಲಿ ಇದೇ ಕೆಲಸ ಮಾಡಿದ್ದೇನೆ. ಈಗ ಊರಲ್ಲಿ ಅಕ್ಕಿ ವ್ಯಾಪಾರ. ತಿಳಿದಷ್ಟು ಹೇಳುತ್ತೇನೆ.

ನೀವು ನೋಡಿದ್ದು ಹಳೇ ಕೈಚಳಕ. ಎಲೆ ಚೆನ್ನಾಗಿ ಬಿದ್ದ ಮೇಲೆ ಚಿಪ್ಸ್ ಏರಿಸುವುದು. ಎಲೆ ಕೆಟ್ಟದಾಗಿ ಬಿದ್ದರೆ ಮೇಲಿನದೊಂದನ್ನು ಎಳೆದುಕೊಳ್ಳುವುದೂ ಉಂಟು. ಇದಕ್ಕೆ ವಿದ್ಯೆ ಬೇಕಿಲ್ಲ, ಡೀಲರ್ ಕಣ್ಣು ಒಂದು ಕ್ಷಣ ಬೇರೆ ಕಡೆ ಹೋಗಬೇಕು ಅಷ್ಟೇ. ಅದಕ್ಕೇ ಒಬ್ಬರು ಬೆರಳು ತೋರಿಸುತ್ತಾರೆ, ಒಬ್ಬರು ಗ್ಲಾಸು ಬೀಳಿಸುತ್ತಾರೆ, ಒಬ್ಬರು ಸುಮ್ನೆ ಲೆಕ್ಕ ಕೇಳುತ್ತಾರೆ. ನಮಗೆ ಕಲಿಸುವಾಗ ಮೊದಲ ವಾರವೇ ಹೇಳಿಕೊಟ್ಟಿದ್ದರು: ಯಾರಾದರೂ ನಿನ್ನ ಎಲೆ ತೋರಿಸಿದರೆ ನೀನು ಅವರ ಚಿಪ್ಸ್ ನೋಡು.

ಟೇಬಲ್ಲಿನ ಮೇಲೆ ನಡೆಯುವುದೆಲ್ಲ ಮೇಲಿನ ಕ್ಯಾಮೆರಾಗೋಸ್ಕರ. ನೀವು ನೋಟು ಕೈಗೆ ಕೊಟ್ಟರೆ ಡೀಲರ್ ತಗೊಳ್ಳುವುದಿಲ್ಲ, ಟೇಬಲ್ ಮೇಲೆ ಇಡಿ ಅನ್ನುತ್ತಾರೆ. ಅದನ್ನು ಒಂದೊಂದಾಗಿ ಹರಡುತ್ತಾರೆ. ಚಿಪ್ಸ್ ಕೊಡುವಾಗ ಕತ್ತರಿಸಿ ಸಾಲಾಗಿ ಇಡುತ್ತಾರೆ. ಹೊಸ ಪ್ಯಾಕ್ ಬಂದರೆ ಅಷ್ಟೂ ಎಲೆಗಳನ್ನು ಬಿಚ್ಚಿ ಹರಡಿ ತೋರಿಸುತ್ತಾರೆ. ಟೇಬಲ್ ಬಿಡುವಾಗ ಎರಡೂ ಅಂಗೈ ಮೇಲೆ ಮಾಡಿ, ತಿರುಗಿಸಿ ತೋರಿಸಿ ಹೋಗಬೇಕು. ನನಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಊರಿಗೆ ಬಂದ ಹೊಸದರಲ್ಲಿ ಊಟದ ತಟ್ಟೆ ಮುಂದಿನಿಂದ ಏಳುವಾಗಲೂ ಅಂಗೈ ತೋರಿಸುತ್ತಿದ್ದೆ. ನಮ್ಮವ್ವ ಏನಾಯಿತೋ ಅಂತ ಹೆದರಿದ್ದಳು.

ಈಗ ನಿಮ್ಮ ಪ್ರಶ್ನೆ. ನೀವು ಹೇಳದಿದ್ದರೂ ಕ್ಯಾಮೆರಾದಲ್ಲಿ ಅದು ಇರುತ್ತದೆ. ಆ ಮನುಷ್ಯ ಹೇಗೂ ಸಿಕ್ಕುತ್ತಿದ್ದ. ಆದರೆ ಆ ಹುಡುಗಿಯ ಮಾತು ಬೇರೆ. ಹೀಗೆ ಆದಾಗ ಮೊದಲ ಅನುಮಾನ ಬರುವುದು ಡೀಲರ್ ಮೇಲೆ. ನೋಡಿಯೂ ಸುಮ್ಮನಿದ್ದಳಾ, ಅವನ ಜೊತೆ ಸೇರಿಕೊಂಡಿದ್ದಾಳಾ ಅಂತ. ಅಂಥವರೂ ಇದ್ದಾರೆ, ಸುಳ್ಳಲ್ಲ. ನನ್ನ ಜೊತೆಗಿದ್ದ ಒಬ್ಬ ತನ್ನ ರೂಮ್‌ಮೇಟ್‌ಗೆ ಸೋತ ಆಟಕ್ಕೂ ದುಡ್ಡು ಕೊಟ್ಟು ಸಿಕ್ಕಿಬಿದ್ದ. ಆದರೆ ಬರೀ ಕಣ್ಣು ತಪ್ಪಿದವರನ್ನೂ ಕೂರಿಸಿ ಎರಡು ಮೂರು ತಾಸು ಕೇಳುತ್ತಾರೆ. ನನ್ನನ್ನೂ ಒಮ್ಮೆ ಕೂರಿಸಿದ್ದರು. ಆ ಹೊತ್ತಿನಲ್ಲಿ ಟೇಬಲ್ಲಿನ ಒಬ್ಬ ಗಿರಾಕಿ ‘ಆ ಹುಡುಗ ಬೇರೆ ಕಡೆ ನೋಡುತ್ತಿದ್ದ, ಇವರು ಬೇಕಂತಲೇ ಅವನನ್ನು ಮಾತಾಡಿಸಿದರು’ ಅಂತ ಒಂದು ಮಾತು ಹೇಳಿದ್ದಕ್ಕೆ ನನ್ನ ಕೆಲಸ ಉಳಿಯಿತು. ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಆದ್ದರಿಂದ ಹೌದು. ನೀವು ಹೇಳಬೇಕಿತ್ತು. ಕ್ಯಾಸಿನೋಗೋಸ್ಕರ ಅಲ್ಲ, ಅವಳಿಗೋಸ್ಕರ.

ಕೋಟೆಗುಡ್ಡ, ಬಳ್ಳಾರಿ:

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ಅವಳು ಎದ್ದು ಹೋಗುವಾಗ ಅಂಗೈ ತೋರಿಸಿದಳು. ಯಾಕೆ ಅಂತ ಈಗ ಗೊತ್ತಾಯಿತು. ಈಗ ಫೋನ್ ಮಾಡಿ ಹೇಳಿದರೆ ಏನಾದರೂ ಆಗುತ್ತಾ?

ಮಾಜಿ ಡೀಲರ್, ಗಂಗಾವತಿ:

ಮೇಲ್ ಮಾಡಿ. ದಿನ, ಸುಮಾರು ಹೊತ್ತು, ಟೇಬಲ್ ಯಾವ ಮೂಲೆಯಲ್ಲಿತ್ತು, ನೀವು ಯಾವ ಕುರ್ಚಿಯಲ್ಲಿ ಕೂತಿದ್ದಿರಿ, ಅಷ್ಟು ಬರೆಯಿರಿ. ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ, ಊಹೆ ಸೇರಿಸಬೇಡಿ. ಇವತ್ತೇ ಕಳಿಸಿ, ಎಲ್ಲ ಕಡೆ ವಿಡಿಯೋ ಬಹಳ ದಿನ ಇಡುವುದಿಲ್ಲ.

ಲೆಕ್ಕದ ಮಾಸ್ತರ, ಕೊಪ್ಪಳ:

ಸತತ ಏಳು ಸೋಲಿನ ಬಗ್ಗೆ ಬರೆದಿದ್ದೀರಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ. ನನ್ನ ಹಳೇ ವಿದ್ಯಾರ್ಥಿಗಳೂ ಇದೇ ಮಾತು ಹೇಳಿಕೊಂಡು ಬರುತ್ತಾರೆ.

ಇಪ್ಪತ್ತೊಂದರ ಆಟದಲ್ಲಿ ಎಲ್ಲ ಸರಿಯಾಗಿ ಆಡಿದರೂ ನೂರರಲ್ಲಿ ಸುಮಾರು 42 ಆಟ ಗೆಲ್ಲುತ್ತೀರಿ, 49 ಸೋಲುತ್ತೀರಿ, ಉಳಿದದ್ದು ಸಮ. ಸಮವಾದದ್ದನ್ನು ಬಿಟ್ಟು ಲೆಕ್ಕ ಹಾಕಿದರೆ ಸತತ ಏಳು ಸೋಲುವುದು ಸುಮಾರು 76ರಲ್ಲಿ ಒಂದು. ಅಪರೂಪ ಅನಿಸುತ್ತದೆ, ಅಲ್ವಾ? ಆದರೆ ನೀವು ಏಳೇ ಆಟ ಆಡಿ ಎದ್ದು ಬಂದಿಲ್ಲ. ತಾಸಿಗೆ 60 ಆಟ ಹಿಡಿದರೆ ನಾಲ್ಕು ತಾಸಿಗೆ 240. ಅಷ್ಟರಲ್ಲಿ ಎಲ್ಲಾದರೂ ಒಂದು ಕಡೆ ಏಳು ಸೋಲು ಸಾಲಾಗಿ ಬರುವ ಸಾಧ್ಯತೆಯೇ ಜಾಸ್ತಿ.

ಕ್ಯಾಸಿನೋದವರಿಗೆ ಎಲೆಯಲ್ಲಿ ಮೋಸ ಮಾಡುವ ಅಗತ್ಯ ಯಾಕೆ ಇಲ್ಲ ಅಂದರೆ, ಅವರ ಪಾಲು ಆಟದ ನಿಯಮದಲ್ಲೇ ಇದೆ. ನಮ್ಮ ಅಂದರ್ ಬಾಹರ್ ತಗೊಳ್ಳಿ. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲ್ಲುವುದು ನೂರಕ್ಕೆ 51.5 ಸಲ. ಮೊದಲ ಎಲೆ ಅಂದರ್‌ಗೆ ಹಾಕುವ ಟೇಬಲ್ಲಿನಲ್ಲಿ ಅಂದರ್ ಗೆದ್ದರೆ ರೂಪಾಯಿಗೆ 90 ಪೈಸೆ ಕೊಡುತ್ತಾರೆ. ಬಾಹರ್‌ಗೆ ಪೂರ್ತಿ ರೂಪಾಯಿ. ಲೆಕ್ಕ ಹಾಕಿ ನೋಡಿ: ಅಂದರ್ ಕಟ್ಟಿದವರು ನೂರಕ್ಕೆ ಎರಡು ರೂಪಾಯಿ ಚಿಲ್ಲರೆ, ಬಾಹರ್ ಕಟ್ಟಿದವರು ಮೂರು ರೂಪಾಯಿ ಬಿಟ್ಟು ಏಳುತ್ತಾರೆ. ಬ್ಯಾಕರಾ ಅಂದರೆ ಬ್ಯಾಂಕರ್, ಪ್ಲೇಯರ್ ಅನ್ನುವ ಎರಡು ಕಡೆಗಳಲ್ಲಿ ಯಾವುದು ಗೆಲ್ಲುತ್ತದೆ ಅಂತ ಕಟ್ಟುವ ಎಲೆ ಆಟ. ಅದರಲ್ಲಿ ಬ್ಯಾಂಕರ್ ಕಡೆ ಕಟ್ಟಿದರೆ ನೂರಕ್ಕೆ ಒಂದು ರೂಪಾಯಿ ಆರು ಪೈಸೆ, ‘ಟೈ’ ಅಂದರೆ ಸಮ ಆಗುತ್ತದೆ ಅಂತ ಕಟ್ಟಿದರೆ 14 ರೂಪಾಯಿಗೂ ಜಾಸ್ತಿ. ಇಪ್ಪತ್ತೊಂದರಲ್ಲಿ ತಪ್ಪಿಲ್ಲದೆ ಆಡುವವರಿಗೆ ಅರ್ಧ ರೂಪಾಯಿ. ಆದರೆ ಹಾಗೆ ಆಡುವವರು ಎಷ್ಟು ಜನ?

ನೀವು ಪ್ರತಿ ಸಲ 1,000 ಇಟ್ಟಿದ್ದರೆ 18,000 ಹೋಗುವುದು ಕೆಟ್ಟ ರಾತ್ರಿಯೇ, ಆದರೆ ನಡೆಯದ ಮಾತಲ್ಲ. ಸೋತ ಮೇಲೆ ದುಪ್ಪಟ್ಟು ಇಟ್ಟಿರಾ?

ಕೋಟೆಗುಡ್ಡ, ಬಳ್ಳಾರಿ:

ಇಟ್ಟೆ ಸರ್. ಆ ಏಳರಲ್ಲೇ ಹೆಚ್ಚು ಪಾಲು ಹೋಗಿದ್ದು.

ಮೇಲ್ ಕಳಿಸಿದ್ದೇನೆ.

ಗಣಿ ಧೂಳು, ಸಂಡೂರು:

ಮಾಸ್ತರ್ರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ಮಷೀನನ್ನೇ ತಿರುಚಿದರೆ ಲೆಕ್ಕ ಏನು ಮಾಡುತ್ತದೆ? ಅಮೆರಿಕದಲ್ಲಿ ಮಷೀನ್ ಒಳಗೇ ಕ್ಯಾಮೆರಾ ಇಟ್ಟು ಆಡಿದ್ದು ಪೇಪರಿನಲ್ಲಿ ಬಂದಿತ್ತು. ಎಲ್ಲ ಕಡೆ ಅದೇ ನಡೆಯುತ್ತಿದೆ. ಅದಕ್ಕಿಂತ ಊರಲ್ಲಿ ಗೊತ್ತಿದ್ದವರ ಜೊತೆ ತೋಟದ ಮನೆಯಲ್ಲಿ ಆಡುವುದು ವಾಸಿ. ಇಲ್ಲದಿದ್ದರೆ ಮೊಬೈಲ್‌ನಲ್ಲಿ.

ಮಾಜಿ ಡೀಲರ್, ಗಂಗಾವತಿ:

ಅಣ್ಣಾರ, ಆ ಸುದ್ದಿ ನಾನೂ ಗಮನವಿಟ್ಟು ಓದಿದ್ದೇನೆ. 2025ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕೇಸು ಹಾಕಿದರು. ಎಲೆ ಕಲಸುವ ಮಷೀನು ಎಲೆಗಳನ್ನು ಓದಿ ಹೊರಗಿದ್ದವನಿಗೆ ಕಳಿಸುತ್ತಿತ್ತು, ಅವನು ಟೇಬಲ್ಲಿನಲ್ಲಿ ಕೂತ ತಮ್ಮವನಿಗೆ ತಿಳಿಸುತ್ತಿದ್ದ, ವಿಶೇಷ ಕನ್ನಡಕ, ಲೆನ್ಸ್, ಎಕ್ಸ್‌-ರೇ ಟೇಬಲ್ ಕೂಡ ಇದ್ದವು ಅನ್ನುವುದು ಆರೋಪ. ಆದರೆ ಅದು ನಡೆದದ್ದು ಲೈಸೆನ್ಸ್ ಇದ್ದ ಕ್ಯಾಸಿನೋದಲ್ಲಿ ಅಲ್ಲ. ಖಾಸಗಿ ಪೋಕರ್ ಆಟಗಳಲ್ಲಿ. ಹೆಸರಾಂತ ಬಾಸ್ಕೆಟ್‌ಬಾಲ್ ಆಟಗಾರರನ್ನು ತೋರಿಸಿ ದುಡ್ಡಿದ್ದವರನ್ನು ಕರೆಸುತ್ತಿದ್ದರಂತೆ. ನೀವು ‘ಗೊತ್ತಿದ್ದವರು’ ಅಂದಿರಲ್ಲ, ಅಲ್ಲಿಯೂ ಹಾಗೇ ಅಂದುಕೊಂಡು ಬಂದು ಕೂತವರು.

ಕ್ಯಾಸಿನೋದಲ್ಲಿ ದೊಡ್ಡ ಮೋಸ ನಡೆದಾಗ ಬಹಳ ಸಲ ಸಿಕ್ಕಿಬಿದ್ದದ್ದು ಗಿರಾಕಿ, ಅಥವಾ ಗಿರಾಕಿ ಜೊತೆ ಸೇರಿದ ಡೀಲರ್. 2002ರಿಂದ 2007ರವರೆಗೆ ಸ್ಯಾನ್ ಡಿಯೇಗೊ ಕಡೆಯ ಒಂದು ಗುಂಪು ಅಮೆರಿಕ, ಕೆನಡಾದ ಎಷ್ಟೋ ಕ್ಯಾಸಿನೋಗಳಲ್ಲಿ ಡೀಲರ್‌ಗಳಿಗೆ ಲಂಚ ಕೊಟ್ಟು ಸುಳ್ಳು ಕಲಸಾಟ ಮಾಡಿಸಿತು. ಎಲೆ ಕಲಸಿದ ಹಾಗೆ ಕಾಣುತ್ತದೆ, ಒಂದು ಗುಡ್ಡೆ ಮಾತ್ರ ಹಳೇ ಸಾಲಿನಲ್ಲೇ ಉಳಿದಿರುತ್ತದೆ. ಆ ಗುಡ್ಡೆ ಮತ್ತೆ ಬಂದಾಗ ಮುಂದೆ ಯಾವ ಎಲೆ ಅಂತ ಇವರಿಗೆ ಗೊತ್ತು.

ಅಮೆರಿಕದ ಹೆಸರಾಂತ ಪೋಕರ್ ಆಟಗಾರ ಫಿಲ್ ಐವಿ ಅವರ ಕೇಸು ಇನ್ನೂ ಬೇರೆ ಥರ. 2012ರಲ್ಲಿ ಲಂಡನ್‌ನಲ್ಲಿ ಬ್ಯಾಕರಾ ಜಾತಿಯ ಆಟದಲ್ಲಿ 77 ಲಕ್ಷ ಪೌಂಡ್ ಗೆದ್ದರು. ಎಲೆಯ ಬೆನ್ನಿನ ಚಿತ್ರ ಎರಡೂ ಅಂಚಿನಲ್ಲಿ ಒಂದೇ ಸಮ ಕತ್ತರಿಸಿರಲಿಲ್ಲ. ಅದೃಷ್ಟದ ನೆಪ ಹೇಳಿ ಬೇಕಾದ ಎಲೆಗಳನ್ನು ಡೀಲರ್ ಕೈಯಿಂದಲೇ ತಿರುಗಿಸಿ ಇಡಿಸಿದರು. ಆಮೇಲೆ ಅಂಚು ನೋಡಿದರೆ ಸಾಕು, ದೊಡ್ಡ ಎಲೆಯೋ ಚಿಕ್ಕದೋ ಗೊತ್ತಾಗುತ್ತಿತ್ತು. ಅವರು ಎಲೆ ಮುಟ್ಟಿರಲೇ ಇಲ್ಲ. ಆದರೂ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಮೋಸವೇ ಅಂತ ಹೇಳಿತು, ದುಡ್ಡು ಸಿಗಲಿಲ್ಲ. ಬಿದ್ದ ಎಲೆಗಳನ್ನು ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಂಡು ಆಡುವುದು ಬೇರೆ. ಅದು ಮೋಸ ಅಲ್ಲ. ಗೊತ್ತಾದರೆ ಕ್ಯಾಸಿನೋದವರು ಎಬ್ಬಿಸಿ ಕಳಿಸಬಹುದು ಅಷ್ಟೇ.

ತೋಟದ ಮನೆಯಲ್ಲಿ ಪ್ಯಾಕ್ ಯಾರು ತಂದರು ಅಂತ ಯಾರಾದರೂ ಕೇಳುತ್ತಾರಾ? ಅಲ್ಲಿ ಕ್ಯಾಮೆರಾ ಇದೆಯಾ? ಮೋಸ ಆಯಿತು ಅಂತ ಯಾರ ಹತ್ತಿರ ಹೋಗುತ್ತೀರಿ? ಈಗ ಎಂಥ ಎಲೆ ಬಂದಿವೆ ಗೊತ್ತಾ? ಅಂಚಿನಲ್ಲಿ ಬರೀ ಕಣ್ಣಿಗೆ ಕಾಣದ ಇಂಕಿನ ಗೆರೆ. ಎದುರಿಗೆ ಇಟ್ಟ ಮೊಬೈಲಿನಂಥ ಸಾಧನ ಅದನ್ನು ಓದಿ, ಎಲೆ ಹಂಚುವ ಮೊದಲೇ ಯಾರು ಗೆಲ್ಲುತ್ತಾರೆ ಅಂತ ಕಿವಿಯೊಳಗಿನ ಸಣ್ಣ ಸ್ಪೀಕರಿಗೆ ಹೇಳುತ್ತದೆ.

ಕಪ್ಪು ಕೋಟು, ರಾಯಚೂರು:

ಮೊಬೈಲ್ ಅಂದವರಿಗೆ ಒಂದು ಮಾತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಆ ದಾರಿ ಹಿಡಿಯಬೇಡಿ.

ಕಾಲುವೆ ಕೊನೆ, ಸಿಂಧನೂರು:

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಇದ್ದೆ. ತೋಟದ ಮನೆ ಮಾತು ಬಂತಲ್ಲ, ಬರೆಯುತ್ತೇನೆ.

ನಮ್ಮದು ಆರು ಎಕರೆ ಭತ್ತ. ಈ ಸಲ ಕಾಲುವೆ ನೀರು ನಮ್ಮ ತನಕ ಬಂತು, ಬೆಳೆ ಕೈಗೆ ಸಿಕ್ಕಿತು. ಭತ್ತ ಮಾರಿದ ದುಡ್ಡು ಮನೆಗೆ ಬಂದ ವಾರವೇ ನಮ್ಮ ಮನೆಯವರು ಮೂರು ರಾತ್ರಿ ಒಂದು ತೋಟದ ಮನೆಗೆ ಹೋದರು. ಮೂರೆಲೆ ಆಟ. ಆಡಿದವರಲ್ಲಿ ನಾಲ್ವರು ಊರವರು, ಒಬ್ಬ ಮಾತ್ರ ಹೊರಗಿನವನು. 2,40,000 ಹೋಯಿತು. ಅದು ಸಾಲದು ಅಂತ 60,000 ಸಾಲ, ಅದಕ್ಕೆ ಸಹಿ ಹಾಕಿದ ಖಾಲಿ ಚೆಕ್ಕು ಕೊಟ್ಟಿದ್ದಾರೆ. ಆ ಹೊರಗಿನವನು ಈಗ ದಿನಾ ಫೋನ್ ಮಾಡುತ್ತಾನೆ.

ಇವರು ‘ನನ್ನ ನಸೀಬು ಸರಿ ಇರಲಿಲ್ಲ’ ಅಂತಾರೆ. ಊಟ ಬಿಟ್ಟಿದ್ದಾರೆ. ಕೊನೆಯ ರಾತ್ರಿ ಎದ್ದು ಬರುವಾಗ ಸಿಟ್ಟಿನಲ್ಲಿ ಒಂದು ಪ್ಯಾಕ್ ಜೇಬಿಗೆ ಹಾಕಿಕೊಂಡು ಬಂದಿದ್ದರಂತೆ. ಅದು ನನ್ನ ಹತ್ತಿರ ಇದೆ. ಕೆಂಪು ಬೆನ್ನು, ಹೂವಿನ ಚಿತ್ರ. ನನಗಂತೂ ಎಲ್ಲ ಎಲೆ ಒಂದೇ ಥರ ಕಾಣುತ್ತವೆ. ಅದರಲ್ಲಿ ಮೋಸ ಇದೆಯೋ ಇಲ್ಲವೋ ಮನೆಯಲ್ಲೇ ನೋಡುವ ದಾರಿ ಇದೆಯಾ?

ಮಾಜಿ ಡೀಲರ್, ಗಂಗಾವತಿ:

ಇದೆ ಅಕ್ಕಾ. ಶಾಲೆಯಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಗೊಂಬೆ ಬರೆದು ಹಾಳೆ ಸರಸರ ಓಡಿಸುತ್ತಿದ್ದೆವಲ್ಲ, ಗೊಂಬೆ ಕುಣಿಯುತ್ತಿತ್ತು, ಹಾಗೇ ಮಾಡಿ. ಎಲ್ಲ ಎಲೆಗಳ ಬೆನ್ನು ನಿಮ್ಮ ಕಡೆ ಇರಲಿ. ನಾಲ್ಕೂ ಅಂಚು ಸರಿ ಮಾಡಿಕೊಳ್ಳಿ. ಒಂದು ಕೈಯಲ್ಲಿ ಗಟ್ಟಿ ಹಿಡಿದು ಇನ್ನೊಂದು ಕೈ ಹೆಬ್ಬೆರಳಿನಿಂದ ಮೂಲೆಯನ್ನು ಬಿಡುತ್ತಾ ಓಡಿಸಿ. ಕಣ್ಣು ಒಂದೇ ಜಾಗದಲ್ಲಿ ಇಡಿ, ಮೊದಲು ಮೇಲಿನ ಎಡ ಮೂಲೆ. ಸರಿಯಾದ ಪ್ಯಾಕ್ ಆಗಿದ್ದರೆ ಚಿತ್ರ ನಿಂತಲ್ಲೇ ನಿಂತಿರುತ್ತದೆ. ಗುರುತು ಮಾಡಿದ್ದರೆ ಒಂದು ಚುಕ್ಕಿ, ಒಂದು ಎಸಳು ಹಾರುತ್ತದೆ. ಹಗಲು ಬೆಳಕಲ್ಲಿ, ಬಾಗಿಲ ಹತ್ತಿರ ಕೂತು ನೋಡಿ. ಪ್ಯಾಕನ್ನು ಒಂದು ಸಲ ಉಲ್ಟಾ ತಿರುಗಿಸಿಯೂ ನೋಡಿ.

ಏನೂ ಕಾಣದಿದ್ದರೆ ಮೋಸ ಇಲ್ಲ ಅಂತ ಅರ್ಥ ಅಲ್ಲ. ಕಾಣದ ಇಂಕು ಈ ಪರೀಕ್ಷೆಗೆ ಸಿಗುವುದಿಲ್ಲ.

ಕಪ್ಪು ಕೋಟು, ರಾಯಚೂರು:

ತಾಯಿ, ನೀವು ನೋಡಿದ ಮೇಲೆ ಆ ಪ್ಯಾಕನ್ನು ಒಂದು ಕವರಿನಲ್ಲಿ ಹಾಕಿ ಅಂಟಿಸಿ, ಮೇಲೆ ದಿನಾಂಕ ಬರೆದಿಡಿ. ಯಾರಿಗೂ ಕೊಡಬೇಡಿ.

ಈಗ ಆ 60,000. ಕರಾರು ಕಾಯ್ದೆ 1872ರ 30ನೇ ಕಲಂ ಪ್ರಕಾರ ಜೂಜಿನ ಒಪ್ಪಂದಕ್ಕೆ ಬೆಲೆ ಇಲ್ಲ. ಜೂಜಿನಲ್ಲಿ ಗೆದ್ದ ದುಡ್ಡು ಕೊಡಿಸಿ ಅಂತ ಯಾರೂ ದಾವೆ ಹಾಕುವಂತಿಲ್ಲ. ಹೋದ ದುಡ್ಡು ವಾಪಸ್ ಸಿಗುವುದು ಕಷ್ಟ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಚೆಕ್ಕಿನ ವಿಷಯದಲ್ಲಿ ಎಚ್ಚರ ಬೇಕು. ಅವನು ಅದನ್ನು ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿ 138ರ ನೋಟಿಸ್ ಕಳಿಸಬಹುದು. 138 ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಚೆಕ್ ಬೌನ್ಸ್ ಕಲಂ. ಕಾನೂನು ಪ್ರಕಾರ ವಸೂಲಾಗುವ ಸಾಲಕ್ಕೆ ಕೊಟ್ಟ ಚೆಕ್ಕಿಗೆ ಮಾತ್ರ 138 ಅನ್ವಯ, ಜೂಜಿನ ಬಾಕಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಚೆಕ್ಕು ಕೈಯಲ್ಲಿದ್ದರೆ ಅದು ಸಾಲಕ್ಕೇ ಕೊಟ್ಟದ್ದು ಅಂತ ಕೋರ್ಟು ಮೊದಲು ಅಂದುಕೊಳ್ಳುತ್ತದೆ. ಹಾಗಲ್ಲ ಅಂತ ತೋರಿಸುವ ಹೊಣೆ ನಿಮ್ಮ ಮನೆಯವರ ಮೇಲೆ. ಆದ್ದರಿಂದ ನೋಟಿಸ್ ಬಂದರೆ ಅಲಕ್ಷ್ಯ ಬೇಡ, 15 ದಿನದೊಳಗೆ ವಕೀಲರ ಮೂಲಕ ಉತ್ತರ ಹೋಗಲಿ. ಅವನ ಫೋನು, ಮೆಸೇಜು ಎಲ್ಲ ಉಳಿಸಿಕೊಳ್ಳಿ. ಆಟದ ಬಾಕಿ ಅಂತ ಅವನೇ ಬರೆದಿದ್ದರೆ ಅದೇ ದೊಡ್ಡ ಸಾಕ್ಷಿ.

ದೂರು ಕೊಡುವುದಾದರೆ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದೆ. ಹಿಂದಿನ 420. ಆದರೆ ಆಡಿದವರ ಮೇಲೂ ಕರ್ನಾಟಕ ಪೊಲೀಸ್ ಕಾಯ್ದೆ ಬರುತ್ತದೆ. ರಮ್ಮಿಯಲ್ಲಿ ಕೌಶಲ ಇದೆ ಅಂತ 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗಲೇ, ಮೂರೆಲೆ ಬರೀ ಅದೃಷ್ಟದ ಆಟ ಅಂತ ಬೇರೆ ಇಟ್ಟಿತ್ತು. ಇದನ್ನು ತಿಳಿದುಕೊಂಡೇ ಹೆಜ್ಜೆ ಇಡಿ. ಹೆದರಿಸಲು ಹೇಳುತ್ತಿಲ್ಲ.

ಕಾಲುವೆ ಕೊನೆ, ಸಿಂಧನೂರು:

ನೋಡಿದೆ. ಮೊದಲ ಎರಡು ಸಲ ಏನೂ ಕಾಣಲಿಲ್ಲ, ಕೈ ನಡುಗುತ್ತಿತ್ತು. ಮಗ ಬಂದು ಅವನೇ ಓಡಿಸಿದ. ಹತ್ತನೇ ಕ್ಲಾಸು. ‘ಅಮ್ಮಾ, ಹೂವು ತಿರುಗತೈತಿ’ ಅಂದ.

ಮೂಲೆಯ ಹೂವಿಗೆ ಎಂಟು ಎಸಳು. ಒಂದೊಂದು ಎಲೆಯಲ್ಲಿ ಒಂದೊಂದು ಎಸಳು ಕೂದಲೆಳೆಯಷ್ಟು ದಪ್ಪ. ಎಕ್ಕ ನಾಲ್ಕನ್ನೂ ಬೇರೆ ತೆಗೆದು ಸಾಲಾಗಿ ಇಟ್ಟೆವು. ನಾಲ್ಕರಲ್ಲೂ ಮೇಲಿನ ಎಸಳು. ರಾಜ ನಾಲ್ಕರಲ್ಲಿ ಅದರ ಬಲಕ್ಕೆ ಇರುವುದು. ರಾಣಿಯಲ್ಲಿ ಅದರ ಮುಂದಿನದು.

ಕೋಟೆಗುಡ್ಡ, ಬಳ್ಳಾರಿ:

ಅಕ್ಕಾ, ಓದಿ ಮೈ ಜುಮ್ಮೆಂದಿತು. ನಮ್ಮ ಐದು ಜನರ ಪ್ಯಾಕನ್ನೂ ಈಗ ತಂದು ಓಡಿಸಿ ನೋಡಿದೆ. ಏನೂ ಅಲುಗಾಡಲಿಲ್ಲ. ಆದರೂ ವಾಪಸ್ ಕೊಟ್ಟುಬಿಟ್ಟೆ.

ಕ್ಯಾಸಿನೋದಿಂದ ಉತ್ತರ ಬಂತು. ನಿಮ್ಮ ಹೇಳಿಕೆಯನ್ನು ಫೈಲಿಗೆ ಸೇರಿಸಿದ್ದೇವೆ ಅಂತ ಒಂದೇ ಸಾಲು. ಆ ಹುಡುಗಿ ಕೆಲಸದಲ್ಲಿ ಇದ್ದಾಳಾ ಅಂತ ಮತ್ತೆ ಕೇಳಿದ್ದೇನೆ.

ಲೆಕ್ಕದ ಮಾಸ್ತರ, ಕೊಪ್ಪಳ:

ತಾಯಿ, ಮಗನ ಮುಂದೆ ಅಪ್ಪನನ್ನು ಏನೂ ಅನ್ನಬೇಡಿ. ಎಲೆಗಳನ್ನು ಅವರಿಗೇ ತೋರಿಸಿ.

ಕಾಲುವೆ ಕೊನೆ, ಸಿಂಧನೂರು:

ನಿನ್ನೆ ಸಂಜೆ ತೋರಿಸಿದೆ ಸರ್. ಮೊದಲು ಮುಟ್ಟಲಿಲ್ಲ. ಆಮೇಲೆ ಪ್ಯಾಕ್ ತಗೊಂಡು ಬಾಗಿಲ ಹತ್ತಿರ ಹೋಗಿ ಕೂತರು. ನಾಲ್ಕು ಸಲ ಓಡಿಸಿದರು. ಕೊನೆಗೆ ಒಂದು ಎಕ್ಕ ತೆಗೆದು ಹೆಬ್ಬೆರಳಿನಿಂದ ಆ ಎಸಳನ್ನು ಉಜ್ಜುತ್ತಾ ಕೂತರು, ಅಳಿಸಿ ಹೋಗುತ್ತದೇನೋ ಅನ್ನುವ ಹಾಗೆ. ‘ಇದು ನಸೀಬಲ್ಲ’ ಅಂದರು. ರಾತ್ರಿ ಎರಡು ರೊಟ್ಟಿ ತಿಂದರು.

ಪ್ಯಾಕನ್ನು ಕವರಿಗೆ ಹಾಕಿ ಅಂಟಿಸಿ ದಿನಾಂಕ ಬರೆದಿದ್ದೇವೆ, ಕೈಬರಹ ಅವರದೇ. ಸೋಮವಾರ ವಕೀಲರ ಹತ್ತಿರ ಹೋಗುತ್ತೇವೆ, ಇಬ್ಬರೂ.